ಮೇಲಿನ ಎರಡು ಹಲ್ಲು

ನಮ್ಮ ಮನೆಯಲ್ಲಿ ಯಾರನ್ನಾದರೂ ನಂಬುವ ಮೊದಲು ಬಾಯಿ ತೆರೆದು ನೋಡುತ್ತಾರೆ. ಕುರಿಯ ಬಾಯಿ, ಅಂದರೆ. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಕುರಿ ಸಾಕಿದ ಮನೆ ನಮ್ಮದು. ಸಂತೆಯಲ್ಲಿ ಅಪ್ಪ ಮಾರುವವನ ಮಾತಿಗೆ ಕಿವಿಗೊಡುವುದಿಲ್ಲ. ಹೆಬ್ಬೆರಳಿನಿಂದ ಕುರಿಯ ಕೆಳದುಟಿ ಇಳಿಸಿ ಹಲ್ಲು ನೋಡುತ್ತಾನೆ. ಎರಡು ದೊಡ್ಡ ಹಲ್ಲಿದ್ದರೆ ಎಳೆಯದು, ನಾಲ್ಕಿದ್ದರೆ ತಕ್ಕ ಪ್ರಾಯದ್ದು, ಪೂರಾ ತುಂಬಿದ್ದರೆ ‘ಬಾಯಿಗೂಡಿತು’, ಅಂದರೆ ಪೂರ್ತಿ ಬೆಳೆದದ್ದು. ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇರುವುದಿಲ್ಲ, ಬರೀ ವಸಡು. ಮೇಲೆ ಚೂಪು ಹಲ್ಲಿರುವುದು ನಾಯಿಗೆ, ತೋಳಕ್ಕೆ.

ಇಂಥ ಮನೆಯಲ್ಲಿ ನನಗೆ ಮೊದಲು ಬಂದದ್ದು ಮೇಲಿನ ಎರಡು ಹಲ್ಲು. ಓರಗೆಯ ಮಕ್ಕಳೆಲ್ಲ ರೊಟ್ಟಿ ಕಡಿಯುವ ವಯಸ್ಸಿನಲ್ಲಿ ಅವು ಬಂದವು, ಮೊಳೆಯಂತೆ ಚೂಪಾಗಿ ಬಂದವು. ಕೆಳಗೆ ಏನೂ ಇಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನನ್ನ ತುಟಿ ಎತ್ತಿ ನೋಡಿ ಅಂದಳಂತೆ: “ಅಯ್ಯ ನನ ಶಿವನ, ಕುರಿ ಹಟ್ಟ್ಯಾಗ ತ್ವಾಳ ಹುಟ್ಟ್ಯಾದಲ್ಲೋ!”

ಮನೆಯವರು ನಕ್ಕರು. ಆಯಿ ನಗಲಿಲ್ಲ. ಮೇಲಿನ ಹಲ್ಲು ಮೊದಲು ಬಂದ ಮಗು ಸೋದರಮಾವನಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಪರಿಹಾರವೂ ಇದೆ: ಮಾವ ಮಗುವಿನ ಮುಖವನ್ನು ನೇರವಾಗಿ ನೋಡದೆ, ಕಂಚಿನ ತಾಟಿನಲ್ಲಿ ಎಣ್ಣೆ ಹಾಕಿ ಅದರಲ್ಲಿ ನೋಡಬೇಕು. ಅವ್ವನ ಅಣ್ಣ ಬೀರಪ್ಪ ಮಾವ ಹುಲಸೂರ ಹತ್ತಿರದ ಹಳ್ಳಿಯಿಂದ ಬಂದು, ಎಣ್ಣೆಯಲ್ಲಿ ನನ್ನನ್ನು ನೋಡಿ ಹೋದ. ಆದರೂ ಆಯಿಗೆ ಸಮಾಧಾನವಾಗಲಿಲ್ಲ. ಮಗುವಿನ ಮೊದಲ ಕೂದಲು ತೆಗೆಯುವ ಜವಳದ ದಿನ ಮೊದಲ ಕತ್ತರಿ ಹಾಕುವವನು ಸೋದರಮಾವ; ಅದಾದ ಮೇಲೆಯೇ ದೋಷ ಪೂರ್ತಿ ಹೋದಂತೆ ಎಂದಳು. “ಜವಳ ಆಗೂತನಕ ಮಾವ ಈ ಹುಡುಗನ ಬಾಯಿ ನೋಡಬಾರದು,” ಎಂದು ಕಟ್ಟಪ್ಪಣೆ ಮಾಡಿದಳು.

ತೊಂದರೆ ಏನೆಂದರೆ, ನನಗೆ ಕೂದಲೇ ಬರಲಿಲ್ಲ. ಬಂದದ್ದು ಮೆಕ್ಕೆಜೋಳದ ತೆನೆಯ ತುದಿಯ ನೂಲಿನಂತೆ, ಅಲ್ಲೊಂದು ಇಲ್ಲೊಂದು. ಕತ್ತರಿ ಹಾಕಲು ಏನಾದರೂ ಬೇಕಲ್ಲ? ಜವಳ ಮುಂದೆ ಹೋಯಿತು, ಹೋಗುತ್ತಲೇ ಇತ್ತು. ಮಾವ ಹಬ್ಬಕ್ಕೆ ಬಂದರೆ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ, ಬಾಯಿಗೆ ಟವೆಲ್ ಅಡ್ಡ ಹಿಡಿದು; ತಂಬಾಕು ತಿಂದು ಹಲ್ಲು ಹೋದ ಬಾಯಿ ಮುಚ್ಚಿಕೊಳ್ಳುತ್ತಾನೆ ಎನ್ನುತ್ತಿದ್ದರು. ಸೋದರಮಾವ ಎಂದರೆ ಬೆನ್ನು ಮತ್ತು ಟವೆಲ್ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ನನ್ನ ಹೆಸರು ಮಾಳಿಂಗ. ಬಸವಕಲ್ಯಾಣದ ಕಾಲೇಜೊಂದರಲ್ಲಿ ಪದವಿ ಓದುತ್ತಿದ್ದೇನೆ. ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತೇನೆ, ಹೆಚ್ಚಾಗಿ ಗೆಲ್ಲುತ್ತೇನೆ. ಇದನ್ನು ಮೊದಲೇ ಹೇಳುವುದು ಏಕೆಂದರೆ, ಕಾಯಿಲೆಯ ಕಥೆ ಎಂದೊಡನೆ ಕೆಲವರು ಕರ್ಚೀಫು ತೆಗೆಯುತ್ತಾರೆ. ಒಳಗಿಡಿ. ಹಲ್ಲು ಬಾರದ, ಬೇಸಿಗೆ ಬಂದರೆ ಕಾರಣವಿಲ್ಲದೆ ಮೈ ಕಾಯುವ ಮಗು ನಿಮ್ಮ ಮನೆಯಲ್ಲಿದ್ದರೆ ಮಾತ್ರ ಕಿವಿ ತೆರೆದಿಡಿ.

ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಎಲ್ಲರೂ ಬೆವರಿ ಬೈದುಕೊಳ್ಳುತ್ತಿದ್ದ ಮಧ್ಯಾಹ್ನಗಳಲ್ಲಿ ನನ್ನ ಮೈ ಒಲೆಯ ಮೇಲಿನ ಹಂಚಿನಂತೆ ಒಣಗಿ ಕಾಯುತ್ತಿತ್ತು. ಜ್ವರ ಎಂದು ಮಾತ್ರೆ ಕೊಡುತ್ತಿದ್ದರು, ಇಳಿಯುತ್ತಿರಲಿಲ್ಲ. ಅವ್ವ ಮಾತ್ರ ಗೋಣಿತಟ್ಟು ನೆನೆಸಿ ನನ್ನ ಮೇಲೆ ಹೊದಿಸುತ್ತಿದ್ದಳು, ಅದರಿಂದ ಇಳಿಯುತ್ತಿತ್ತು. ಇದು ಅವಳಿಗೆ ಹೇಗೆ ಗೊತ್ತಾಯಿತೆಂದು ಯಾರೂ ಕೇಳಲಿಲ್ಲ. ಎಲ್ಲವನ್ನೂ ಪ್ರಶ್ನಿಸುವ ನಾನೂ ಕೇಳಲಿಲ್ಲ.

ಮುಖದ ವಿಷಯಕ್ಕೆ ಬರುತ್ತೇನೆ. ಹಣೆ ಮುಂದೆ ಚಾಚಿದೆ, ಮೂಗಿನ ಮೇಲ್ಭಾಗ ಒಳಗೆ ಕೂತಿದೆ, ಕಣ್ಣಿನ ಸುತ್ತ ಕಪ್ಪು ಸುಕ್ಕು. ದವಡೆಯಲ್ಲಿ ಹಲ್ಲಿಲ್ಲದ್ದರಿಂದ ಗದ್ದ ಮೇಲೆ ಸರಿದು, ಶಾಲೆಗೆ ಸೇರುವಾಗಲೇ ಮುದುಕನ ಮುಖ ಬಂದಿತ್ತು. ಊರಿನವರು ಅದಕ್ಕೆ ಕೊಟ್ಟ ಕಾರಣಗಳು ಅನೇಕ: ಗ್ರಹಣದಲ್ಲಿ ಅವ್ವ ಕುಡುಗೋಲು ಮುಟ್ಟಿದ್ದು, ಯಾವುದೋ ಹರಕೆ ತೀರಿಸದ್ದು, ಬಸುರಿಯಾಗಿದ್ದಾಗ ಸುಣ್ಣ ತಿಂದದ್ದು. ಮಾತು ಕಲಿತ ಮೇಲೆ ನಾನು ಒಂದೊಂದನ್ನೂ ಹಿಡಿದು ತರ್ಕದಲ್ಲಿ ಕೆಡವಿದೆ. ಅದೇ ಗ್ರಹಣದ ದಿನ ಹಿತ್ತಲಮನೆಯ ಬಸುರಿಯೂ ಕುಡುಗೋಲು ಹಿಡಿದು ಹುಲ್ಲು ಕೊಯ್ದಿದ್ದಳು. ಅವಳ ಮಗ ಇಂದು ಬಾಯಿತುಂಬ ಹಲ್ಲಿಟ್ಟುಕೊಂಡು ಕಬ್ಬು ಸಿಗಿಯುತ್ತಾನೆ. ಆದರೆ ಖಂಡನೆ ಸುಲಭದ ಕೆಲಸ. “ಅದಲ್ಲ, ಇದಲ್ಲ ಅಂತಿ. ಹಂಗಾರ ಯಾವುದು ಹೇಳಲೇ ಶ್ಯಾಣ್ಯಾ?” ಎಂದು ಆಯಿ ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ.

ಚರ್ಚೆಗೆ ನಿಂತದ್ದೂ ಬಾಯಿಯ ಕಾರಣಕ್ಕೇ. ನಾನು ಬಾಯಿ ತೆರೆದರೆ ಮೊದಲು ಒಂದು ನಗು ಬರುತ್ತದೆ. ಆ ನಗು ಮುಗಿಯುವುದರೊಳಗೆ ಮೊದಲ ವಾದ ಮುಟ್ಟಿಸಿದರೆ ಸಭೆ ನನ್ನದು. ಒಮ್ಮೆ ಎದುರಾಳಿ ಹುಡುಗ ವೇದಿಕೆಯಲ್ಲೇ, “ನನ್ನ ಮಿತ್ರರ ವಾದಕ್ಕೆ ಹಲ್ಲೇ ಇಲ್ಲ,” ಎಂದ. ನಾನು ಎದ್ದು, “ಇರುವ ಎರಡರಲ್ಲೇ ನಿಮ್ಮನ್ನು ಹಿಡಿದಿದ್ದೇನೆ, ಬಿಡಿಸಿಕೊಂಡು ಹೋಗಿ,” ಎಂದೆ. ಚಪ್ಪಾಳೆ ಬಿತ್ತು. ಆ ಸಂಜೆ ಹಾಸ್ಟೆಲಿನಲ್ಲಿ ಎಲ್ಲರೂ ಒಣಗಿಸಿದ ಗರಿಗರಿ ಕಟಕರೊಟ್ಟಿ ಕಡಿಯುತ್ತಿರುವಾಗ ನಾನು ಎಂದಿನಂತೆ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ, ಅದು ಮೆತ್ತಗಾಗಲು ಕಾದೆ. ಚಪ್ಪಾಳೆಯಿಂದ ರೊಟ್ಟಿ ಮೆತ್ತಗಾಗುವುದಿಲ್ಲ.

ಹೋದ ಬೇಸಿಗೆಯ ಆರಂಭದಲ್ಲಿ ಹುಮನಾಬಾದಿನಿಂದ ಒಬ್ಬ ದಂತವೈದ್ಯೆ ಕಾಲೇಜಿಗೆ ಎಲ್ಲರ ಹಲ್ಲು ನೋಡಲು ಬಂದರು. ಸಾಲಿನಲ್ಲಿ ನಿಂತೆ. ನನ್ನ ಬಾಯಿ ನೋಡಿದವರು ಮುಂದಿನವನನ್ನು ಕರೆಯಲಿಲ್ಲ. ಬ್ಯಾಟರಿ ಕೆಳಗಿಟ್ಟು ನನ್ನ ಹಣೆ, ಮೂಗು, ಕಣ್ಣಂಚು ನೋಡಿದರು.

“ನಿನಗ ಬೆವರು ಬರ್ತದೇನಪ್ಪ?”

“ಹಲ್ಲಿಗೂ ಬೆವರಿಗೂ ಏನ್ ಸಂಬಂಧ್ರಿ?”

“ಸಂಬಂಧ ಅದ ಅಂತೇ ಕೇಳಾಕತ್ತೀನಿ. ಬರ್ತದೋ ಇಲ್ಲೋ?”

“ಇಲ್ರಿ.”

“ಸಣ್ಣಾಂವ ಇದ್ದಾಗ ಬ್ಯಾಸಿಗ್ಯಾಗ ಜ್ವರ? ಮಾತ್ರಿ ಕೊಟ್ರೂ ಇಳೀತಿದ್ದಿಲ್ಲ?”

ಹೇಳಿದ್ದೆಲ್ಲ ಸರಿಯಾಗಿತ್ತು. ಆದರೂ ಸೋಲೊಪ್ಪುವ ಅಭ್ಯಾಸವಿಲ್ಲ. “ಎರಡು ಹಲ್ಲು ನೋಡಿ ಹಿಂದಿನದೆಲ್ಲ ಹೇಳಾಕತ್ತೀರಿ. ಇದಕ್ಕ ನಮ್ಮೂರಾಗ ಜ್ಯೋತಿಷ್ಯ ಅಂತಾರ್ರಿ ಮೇಡಂ,” ಎಂದೆ.

ಅವರು ಜೋರಾಗಿ ನಕ್ಕರು. “ಜ್ಯೋತಿಷ್ಯ ಆಗಿದ್ರ ಶಾಂತಿ ಮಾಡಸು ಅಂತ ಹೇಳಿ ಕಳಸ್ತಿದ್ದೆ. ನಾ ಎಕ್ಸ್‌ರೇ ತಗಸು ಅನ್ನಾಕತ್ತೀನಿ. ಆಮ್ಯಾಲ ಬೇಕಾದಷ್ಟು ಜಗಳ ತಗಿ. ನಿಮ್ಮವ್ವನ್ನ ಕರಕೊಂಡು ದವಾಖಾನಿಗೆ ಬಾ.”

ಅವ್ವ ಸೆರಗು ಬಿಗಿಮಾಡಿಕೊಂಡು ಹುಮನಾಬಾದಿನ ಬಸ್ಸು ಹತ್ತಿದಳು. ದವಾಖಾನೆಯ ಹೊರಗಿನ ಬೆಂಚಿನಲ್ಲಿ ಹಲ್ಲಿನ ಸೆಟ್ ಹಾಕಿಸಿಕೊಳ್ಳಲು ಬಂದ ಮುದುಕರೇ ತುಂಬಿದ್ದರು. ನಡುವೆ ನಾನು. ಪಕ್ಕದಲ್ಲಿ ತಲೆಗೆ ಪಟಗ ಸುತ್ತಿ ಕೂತಿದ್ದ ಅಜ್ಜ ನನ್ನನ್ನು ಬಹಳ ಹೊತ್ತು ನೋಡಿದ.

“ತಮ್ಮಾ, ಸೆಟ್ ನಿನಗೋ, ನಿಮ್ಮಪ್ಪಗೋ?”

“ನನಗ್ರಿ ಕಾಕಾ.”

“ಇಷ್ಟ ಜಲ್ದಿ? ಗುಟಕಾ ಏನು?”

“ಗುಟಕಾ ಅಲ್ರಿ. ಹುಟ್ಟೇ ಇಲ್ಲ.”

ಅಜ್ಜ ಯೋಚಿಸಿದ. “ಹಂಗಾರ ನೀ ನಸೀಬದಾಂವ ಬಿಡು. ನಾ ಒಂದೊಂದು ಕೀಳಿಸಿಕೊಂಡು ಸತ್ತು ಹುಟ್ಟೀನಿ. ನಿಂದು ಬರೀ ಕೂಡಸೂ ಕೆಲಸ.”

ಅವ್ವ ಸೆರಗಿನೊಳಗೇ ನಕ್ಕಳು. ನನ್ನ ಬಾಯಿಯ ವಿಷಯಕ್ಕೆ ಅವಳು ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆ ಅಜ್ಜನಿಗೆ ಯಾವ ಔಷಧಿಯ ಹೆಸರೂ ಗೊತ್ತಿರಲಿಕ್ಕಿಲ್ಲ, ಆದರೆ ಆ ದಿನದ ಮೊದಲ ಔಷಧಿ ಅವನದೇ.

ಒಳಗೆ ಎಕ್ಸ್‌ರೇ ಬೆಳಕಿಗೆ ಹಿಡಿದರು. ಹಲ್ಲು ಒಳಗೇ ಅಡಗಿ ಕೂತಿರಬಹುದು, ಒಂದು ದಿನ ಬರಬಹುದು ಎಂಬ ಆಸೆ ನನಗೂ ಇತ್ತು. ಯಾರಿಗೂ ಹೇಳಿರಲಿಲ್ಲ ಅಷ್ಟೆ. ಕುರಿ ಮೇಯ್ದು ಹೋದ ಹೊಲದಂತಿತ್ತು ದವಡೆ. ಮೇಲೆ ಅವೇ ಎರಡು ಮೊಳೆ, ಅಷ್ಟೆ. ಇನ್ನು ಬರುವುದು ಯಾವುದೂ ಇಲ್ಲ. ಅದನ್ನು ನೋಡಿದಾಗ ಹೆದರಿದೆ, ನಿಜ. ಇಷ್ಟು ದಿನ ‘ಇಲ್ಲ’ ಎಂಬುದು ಒಂದು ಸದ್ಯದ ಸ್ಥಿತಿಯಾಗಿತ್ತು. ಈಗ ಅದು ಕೊನೆಯ ಮಾತಾಯಿತು.

ಕಾಯಿಲೆಗೆ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎನ್ನುತ್ತಾರೆಂದು ಡಾಕ್ಟರು ಹೇಳಿದರು. ಹಲ್ಲು, ಕೂದಲು, ಬೆವರು, ಮುಖ — ನಾಲ್ಕು ಬೇರೆ ಬೇರೆ ಶಾಪ ಎಂದು ಊರು ಎಣಿಸಿದ್ದಕ್ಕೆಲ್ಲ ಒಂದೇ ಮೂಲ, ಹುಟ್ಟಿನಿಂದಲೇ ಮೈಯಲ್ಲಿ ಬರೆದದ್ದು. ನನಗೆ ಒಂದು ವಿಚಿತ್ರ ಖುಷಿಯಾಯಿತು. ಆಯಿಯ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತ್ತು.

ಆಗ ಡಾಕ್ಟರು ಅವ್ವನ ಕಡೆ ತಿರುಗಿದರು. “ಇದು ಹೆಚ್ಚಾಗಿ ತಾಯಿ ಕಡಿಂದ ಗಂಡಮಕ್ಕಳಿಗೆ ಬರ್ತದ್ರಿ ಅವ್ವಾರ. ನಿಮ್ಮ ಅಣ್ಣ-ತಮ್ಮಂದಿರಾಗ ಯಾರಿಗರೆ ಹಿಂಗ ಅದ ಏನು?”

“ಇಲ್ರಿ,” ಎಂದಳು ಅವ್ವ. ಪ್ರಶ್ನೆ ಮುಗಿಯುವ ಮೊದಲೇ.

“ಇದ್ರ ಅವರನ್ನೂ ನೋಡಬೇಕ್ರಿ. ಹಲ್ಲು ತಡಾ ಆದ್ರ ನಡೀತದ. ಆದ್ರ ಬೆವರಿಲ್ಲದ ಮೈ ಈ ಬಿಸಿಲಾಗ ನಿಂತ್ರ ಜೀವಕ್ಕ ಕುತ್ತು. ಹುಷಾರ್ ಇರಬೇಕು.”

ಅವ್ವ ನೆಲ ನೋಡುತ್ತಿದ್ದಳು. ನನಗೆ ಟವೆಲ್ ನೆನಪಾಯಿತು. ಗೋಣಿತಟ್ಟು ನೆನಪಾಯಿತು.

ಬಸ್ಸಿನಲ್ಲಿ ನಾನು ಬಿಡಲಿಲ್ಲ. “ಗೋಣಿತಟ್ಟು ಹೊದಸೂದು ನಿನಗ ಯಾರು ಕಲಿಸಿದ್ರು ಅವ್ವಾ?”

ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. “ನಮ್ಮವ್ವ ನಮ್ಮಣ್ಣಗ ಹೊದಸ್ತಿದ್ದಳು.”

“ಮಾವನ ಹಲ್ಲು ತಂಬಾಕು ತಿಂದು ಹೋದವು ಅಂತಾರಲ್ಲ?”

“ಬಾಯಾಗ ತಂಬಾಕು ಇಟ್ಟಾಂವಲ್ಲ ಅಂವ. ಮಂದಿ ಅಂದ್ರು, ಅನ್ನಲಿ ಅಂತ ಬಿಟ್ಟ. ತಂಬಾಕು ಅಂದ್ರ ಚಟ ಅಂತಾರ. ಹುಟ್ಟಿನಿಂದ ಹಿಂಗ ಅಂದ್ರ ನಮ್ಮ ಮನೆತನಕ್ಕ ಹೆಣ್ಣು ಕೊಡೂದಿಲ್ಲ, ಹೆಣ್ಣು ತರೂದಿಲ್ಲ. ನನ್ನ ಲಗ್ನ ಆಗೂದಿತ್ತು ಆಗ.” ಸೆರಗು ಸರಿಪಡಿಸಿಕೊಂಡು, “ಈಗ ಹೇಳಿದ್ರ ನಿಮ್ಮ ಆಯಿ ಬಿಡ್ತಾಳೇನು? ನಿನ್ನ ರಗತದಾಗಿಂದ ಬಂತು ಅಂತ ದಿನಾ ಕುಟ್ಟತಾಳ,” ಎಂದಳು.

ನಾನು ವಾದಕ್ಕೆ ಸಿದ್ಧನಾಗುತ್ತಿದ್ದೆ. ಆದರೆ ಅವಳ ಮಾತು ಮುಗಿದಿರಲಿಲ್ಲ. ಮಾವ ಮೇಯಿಸುವ ಕುರಿ ಅವನ ಕಾಕಾನ ಮಗ ಶಿವರಾಯನದು. ಮಾವ ಮಧ್ಯಾಹ್ನವಾದರೆ ಕುರಿ ಬಿಟ್ಟು ನೆರಳು ಹಿಡಿಯುತ್ತಾನೆ, ನೀರಲ್ಲಿ ಕಾಲಿಟ್ಟು ಕೂರುತ್ತಾನೆ; ಊರೆಲ್ಲ ಅವನನ್ನು ಮೈಗಳ್ಳ ಎನ್ನುತ್ತದೆ. ಈ ಸಲ ಶಿವರಾಯ ಎಲ್ಲರೆದುರು, ಇನ್ನೊಮ್ಮೆ ನೆರಳಲ್ಲಿ ಕಂಡರೆ ಕುರಿ ಕಸಿದುಕೊಳ್ಳುತ್ತೇನೆ ಎಂದಿದ್ದನಂತೆ. “ಆವತ್ತಿಂದ ಅಂವ ಬಿಸಿಲಾಗೇ ನಿಲ್ಲಾಕತ್ತಾನಂತ,” ಎಂದಳು ಅವ್ವ. ಡಾಕ್ಟರ ಮಾತು ಇಬ್ಬರ ಕಿವಿಯಲ್ಲೂ ಇತ್ತು.

ಬಸವಕಲ್ಯಾಣದಲ್ಲಿ ಇಳಿದೆವು. ಅವ್ವ ಸೀದಾ ನಡೆದು ಬೇರೊಂದು ಬಸ್ಸಿನ ಬಾಗಿಲಿಗೆ ಕೈಹಾಕಿದಳು.

“ಅವ್ವಾ, ಇದು ಹುಲಸೂರ ಬಸ್ಸು.”

“ಓದಾಕ ಬರೂದಿಲ್ಲ, ಬಸ್ಸು ತಿಳೀತದ. ಹತ್ತು.”

ಮಾವ ಹೊಲದ ಬದುವಿನಲ್ಲಿದ್ದ. ಸ್ವಲ್ಪ ದೂರದಲ್ಲೇ ದೊಡ್ಡ ಹುಣಸೆಮರ, ಅದರ ಕೆಳಗೆ ಕುರಿಗಳು. ಕುರಿಗಳು ನೆರಳಲ್ಲಿ, ಕಾಯುವವನು ಬಿಸಿಲಲ್ಲಿ. ಮುಖ ಕೆಂಡದಂತಾಗಿತ್ತು, ಮೈಮೇಲೆ ಒಂದು ಹನಿ ಬೆವರಿರಲಿಲ್ಲ. ನಮ್ಮನ್ನು ಕಂಡೊಡನೆ ಟವೆಲ್ ಬಾಯಿಗೆ ಹೋಯಿತು, ಮುಖ ಆ ಕಡೆ ತಿರುಗಿತು.

“ಯಾಕ ಬಂದ್ರಿ? ಯಾರಿಗರೆ ಏನರೆ ಆಗೇದೇನು?”

ನಾನು ವಾದ ಮಂಡಿಸಿದೆ. ಕಾಯಿಲೆಯ ಹೆಸರು ಹೇಳಿದೆ, ಲಕ್ಷಣ ಹೇಳಿದೆ, ತಾಯಿಯ ಕಡೆಯಿಂದ ಬರುವ ಬಗೆ ಹೇಳಿದೆ, ಅವನಿಗೂ ಅದೇ ಇರಬೇಕೆಂದು ಕಾರಣಸಹಿತ ಸಾಧಿಸಿದೆ. ನಿರ್ಣಾಯಕರಿದ್ದರೆ ಎದ್ದು ನಿಂತು ಅಂಕ ಕೊಡುತ್ತಿದ್ದರು.

“ಆಯ್ತೇನು ಭಾಷಣ?” ಎಂದ ಮಾವ, ಬೆನ್ನು ತಿರುಗಿಸಿಯೇ. “ಬೆಳ್ಳಿ ಕಪ್ಪು ಕೊಡಬೇಕೇನು ನಾನು? ಹೋಗು, ನೆರಳಾಗ ಕುಂಡ್ರು. ನೀ ಓದಿದಾಂವ, ನಿನಗ ಒಪ್ಪತದ. ನನಗ ಕುರಿ ಅವ.”

“ಅಣ್ಣಾ, ಸಾಯ್ತಿ!” ಎಂದಳು ಅವ್ವ.

“ಮೈಗಳ್ಳ ಅನ್ನಿಸಿಕೊಂಡು ಬದುಕೂದು ಸಾಕಾಗೇದವ್ವ.”

ಎದುರಿಗಿದ್ದದ್ದು ವಾದವೇ ಅಲ್ಲ, ಒಂದು ಬೆನ್ನು. ನಾನು ಸುತ್ತಿ ಹೋಗಿ ಅವನ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿ ಕೂತೆ. ಮುಖ ಎತ್ತಿ ಬಾಯಿ ತೆರೆದೆ.

“ನೋಡು ಮಾವ. ಕುರಿ ನೋಡಿದ್ಹಂಗ ನೋಡು.”

ಅವನು ಗಾಬರಿಯಾಗಿ ಹಿಂದೆ ಸರಿದ. “ಬ್ಯಾಡೋ. ನಿಂದು ಜವಳ ಆಗಿಲ್ಲ. ನಿಮ್ಮ ಆಯಿ—”

“ಜವಳಕ್ಕ ಕೂದಲ ಎಲ್ಲಿಂದ ತರಲಿ? ನಿನಗ ಅವ ಏನು?”

ಅವನ ತಲೆಗೆ ಸದಾ ರುಮಾಲು ಇರುತ್ತಿತ್ತು. ಕೈ ತಾನಾಗಿಯೇ ಅದರ ಮೇಲೆ ಹೋಯಿತು. ಆಮೇಲೆ ನಿಧಾನವಾಗಿ ಬಗ್ಗಿದ. ಸಾವಿರ ಕುರಿಗಳ ತುಟಿ ಇಳಿಸಿದ ಆ ಹೆಬ್ಬೆರಳು ನನ್ನ ತುಟಿಯ ಮೇಲೆ ಬಂತು. ಕೆಳಗೆ ನೋಡಿದ. ಮೇಲೆ ನೋಡಿದ. ಬೆರಳ ತುದಿಯಿಂದ ಆ ಎರಡು ಮೊಳೆಗಳನ್ನು ಮುಟ್ಟಿದ. ಮುಟ್ಟಿ, ಅದೇ ಬೆರಳನ್ನು ಟವೆಲಿನ ಹಿಂದೆ ತನ್ನ ಬಾಯಿಗೆ ಹಾಕಿದ.

ಟವೆಲ್ ಕೆಳಗಿಳಿಯಿತು. ಮೇಲೆ ಎರಡೇ ಹಲ್ಲು. ಅದೇ ಜಾಗ, ಅದೇ ಚೂಪು.

“ನಿನಗ… ಬೆವರು ಬರ್ತದೇನು?”

“ಇಲ್ಲ ಮಾವ.”

“ಬಿಸಿಲಾಗ ನಿಂತ್ರ ತಲಿ ಒಳಗ ಭುಗ್ ಅಂತದೇನು? ಕಣ್ಣಿಗೆ ಕತ್ತಲಿ ಬರ್ತದೇನು?”

“ಬರ್ತದ.”

“ಎಲ್ಲಾರಿಗೂ ಹಂಗೇ ಆಗ್ತದ, ತಡಕೊಂತಾರ, ನನಗ ತಡಕೊಳ್ಳಾಕ ಆಗೂದಿಲ್ಲ ಅಂತ ತಿಳದಿದ್ದೆ.” ಆಮೇಲೆ ಅವನು ಕೇಳಿದ್ದು ಒಂದೇ ಮಾತು. “ಹಂಗಾರ ನಾ ಮೈಗಳ್ಳ ಅಲ್ಲ?”

ಉತ್ತರ ಹೇಳಿದ್ದು ಅವ್ವ. ಬಾಯಿಂದ ಅಲ್ಲ. ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಹುಣಸೆಯ ಕೆಳಗೆ ಕೂರಿಸಿ, ಅಲ್ಲೇ ಇದ್ದ ಕೊಡದ ನೀರನ್ನು ತಲೆಯ ಮೇಲೆ ಸುರಿದಳು.

ನನ್ನ ಕೋಪ ಇಲ್ಲಿದೆ, ಮುಚ್ಚಿಡುವುದಿಲ್ಲ. ಈ ಭೂಮಿಯ ಮೇಲೆ ನನ್ನ ಬಾಯಿ ನೋಡಿದೊಡನೆ ಇದು ನನ್ನದೇ ಎಂದು ಗುರುತು ಹಿಡಿಯಬಲ್ಲ ಒಬ್ಬನೇ ಮನುಷ್ಯನಿದ್ದ. ನಮ್ಮ ಪದ್ಧತಿ, ಎಲ್ಲರನ್ನೂ ಬಿಟ್ಟು, ಅವನೊಬ್ಬನಿಗೇ ನೋಡಬೇಡ ಎಂದಿತು. ಹಲ್ಲು ಸೋದರಮಾವನಿಗೆ ಸಂಬಂಧಿಸಿದ್ದು ಎಂದು ಹಿರಿಯರು ಹೇಳಿದ್ದು ನನ್ನ ಮಟ್ಟಿಗೆ ಆಕಸ್ಮಿಕವಾಗಿ ಸರಿಯಾಗಿತ್ತು. ಸಂಬಂಧಕ್ಕೆ ಕೊಟ್ಟ ಅರ್ಥ ಮಾತ್ರ ತಲೆಕೆಳಗಾಗಿತ್ತು.

ಆಮೇಲಿನದು ಹುಮನಾಬಾದಿನ ಬೆಂಚು. ಮಾವ, ನಾನು ಒಟ್ಟಿಗೆ ಹೋದೆವು. ಬಾಯಿತುಂಬ ಗುಲಾಬಿ ಬಣ್ಣದ ಹಿಟ್ಟು ತುಂಬಿ ಅಚ್ಚು ತೆಗೆದರು. ಮಾವ ಉಸಿರು ಕಟ್ಟಿ, “ಜೀವಂತ ಹೂಳಾಕತ್ತಾರೋ,” ಎಂದು ಕಣ್ಣಲ್ಲೇ ಹೇಳಿದ. ನನ್ನ ಎರಡು ಮೊಳೆಗಳಿಗೆ ಹಲ್ಲಿನ ಬಣ್ಣದ ಲೇಪ ಮೆತ್ತಿ ಸಾದಾ ಹಲ್ಲಿನ ಆಕಾರ ಕೊಟ್ಟರು, ಉಳಿದದ್ದಕ್ಕೆ ಸೆಟ್; ಮಾವನ ಎರಡನ್ನು ಹಾಗೇ ಬಿಟ್ಟು ಸೆಟ್ ಮಾಡಿಕೊಟ್ಟರು. ಮೂಳೆ ತೆಳುವಾಗಿರುವುದರಿಂದ ಗಟ್ಟಿ ಕೂರಿಸುವ ಹಲ್ಲಿನ ವಿಚಾರ ಮುಂದೆ ನೋಡೋಣ ಎಂದಿದ್ದಾರೆ. ಮೊದಮೊದಲು ಮಾತು ಹದಗೆಟ್ಟಿತು. ಹಲ್ಲಿಲ್ಲದೆ ಗೆದ್ದವನು ಹಲ್ಲು ಬಂದ ಮೇಲೆ ಒಂದು ಸ್ಪರ್ಧೆಯಲ್ಲಿ ತೊದಲಿ ಸೋತೆ. ಕನ್ನಡಿಯಲ್ಲಿ ಗದ್ದ ಕೆಳಗಿಳಿದು ನನ್ನ ವಯಸ್ಸಿಗೆ ಬಂದಿತ್ತು. ಆ ಮುಖಕ್ಕೆ ಒಗ್ಗಿಕೊಳ್ಳಲು ಹಲ್ಲಿಗಿಂತ ಹೆಚ್ಚು ದಿನ ಬೇಕಾಯಿತು. ಹಳೆಯ ಮುಖ ಕೆಟ್ಟದ್ದೇನೂ ಆಗಿರಲಿಲ್ಲ ಎಂದು ಈಗಲೂ ವಾದಿಸಬಲ್ಲೆ. ಕಟಕರೊಟ್ಟಿಯ ವಿಷಯದಲ್ಲಿ ಮಾತ್ರ ವಾದವಿಲ್ಲ: ಮೊದಲ ಸಲ ಅದು ನನ್ನ ಬಾಯಲ್ಲಿ ಸದ್ದು ಮಾಡಿದಾಗ ಹಾಸ್ಟೆಲಿನ ಹುಡುಗರೆಲ್ಲ ತಿನ್ನುವುದು ನಿಲ್ಲಿಸಿ ಕೇಳಿದರು.

ಆಯಿಗೆ ಹೇಳಿದ್ದು ಅವ್ವನೇ. ಆಯಿ ನಿರೀಕ್ಷೆಯಂತೆ ಎದೆ ಬಡಿದುಕೊಂಡಳು. “ಅಂದ್ರ ನಿನ್ನ ಕಡಿಂದೇ ಬಂತಲ್ಲ!”

“ಹೌದ್ರಿ ಅತ್ತಿ, ನನ್ನ ಕಡಿಂದೇ. ನಿಮಗ ದಿನಾ ಎದುರು ಮಾತಾಡೂ ನಾಲಿಗಿನೂ ನನ್ನ ಕಡಿಂದೇ ಬಂದದ. ಎರಡೂ ಇಟ್ಕೋರಿ,” ಎಂದಳು ಅವ್ವ, ರೊಟ್ಟಿ ಬಡಿಯುತ್ತಲೇ. ಆಯಿಗೆ ಅದು ಒಪ್ಪಿಗೆಯಾಗಿಲ್ಲ. ಜವಳ ಬಾಕಿ ಇದೆ ಎಂದು ಈಗಲೂ ಹೇಳುತ್ತಾಳೆ. ಹೇಳಲಿ.

ಈಚೆಗೆ ಮತ್ತೆ ಮಾವನ ಹೊಲಕ್ಕೆ ಹೋಗಿದ್ದೆ. ನಡು ಮಧ್ಯಾಹ್ನ. ಮಾವ ಹುಣಸೆಯ ಕೆಳಗೆ ಒದ್ದೆ ಬನಿಯನ್ನಿನಲ್ಲಿ ಕಾಲು ಚಾಚಿ ಕೂತಿದ್ದ, ಟವೆಲ್ ತಲೆಯ ಮೇಲೆ, ನೀರು ತೊಟ್ಟಿಕ್ಕುತ್ತ. ಬಾಯಿ ಬಯಲಾಗಿತ್ತು. ಶಿವರಾಯ ಸೈಕಲ್ ಮೋಟಾರು ನಿಲ್ಲಿಸಿ ಕೂಗಿದ, “ಏನ್ ಬೀರಪ್ಪಾ, ಮತ್ತ ನೆರಳಾಗ?”

“ಹೌದು, ಕುಂತೀನಿ. ಬಿಸಿಲು ಇಳೀಲಿ, ಏಳ್ತೀನಿ,” ಎಂದ ಮಾವ, ಏಳದೆ. “ಗಡಿಗ್ಯಾಗ ನೀರು ತೀರ್ಯಾವ. ಬಂದಿ ಅಂದಮ್ಯಾಲ ಒಂದು ಕೊಡ ತಂದಿಡು.”

ಶಿವರಾಯ ಅವನ ಬಾಯಿ ನೋಡಿದ, ಇಳಿದು ಕೊಡ ತೆಗೆದುಕೊಂಡ.

ಅಷ್ಟರಲ್ಲಿ ಒಂದಿಷ್ಟು ಕುರಿ ಪಕ್ಕದವರ ತೊಗರಿಯ ಕಡೆ ನುಗ್ಗಿದವು. ಮಾವ ಸಿಳ್ಳೆ ಹಾಕಿದ. ಹೊಸ ಹಲ್ಲಿನ ಸಂದಿಯಿಂದ ಬರೀ ಗಾಳಿ ಬಂತು. ಕುರಿಗಳು ಕಿವಿ ಕೂಡ ಎತ್ತಲಿಲ್ಲ. ಅವನು ನನ್ನ ಕಡೆ ನೋಡಿದ. ಸೆಟ್ ತೆಗೆದು ನನ್ನ ಅಂಗೈಯಲ್ಲಿಟ್ಟ. ಆ ಎರಡು ಹಲ್ಲಿನ ನಡುವಿನಿಂದ ಹಳೆಯ ಸಿಳ್ಳೆ ಹೊರಟಿತು. ಹಿಂಡು ಗಕ್ಕನೆ ನಿಂತು, ತಿರುಗಿ, ನೆರಳಿಗೆ ಬಂತು.